ಜೀರೋ ಮತ್ತು ವೈಲ್ಡ್‌ಕ್ಯಾಟ್: ವಾಯುಕಾಳಗದ ತಂತ್ರವೂ ಮನುಷ್ಯದೇಹದ ಮಿತಿಯೂ

ಎರಡು ಯುದ್ಧವಿಮಾನಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ವೇಗ, ಎಂಜಿನ್ನಿನ ಅಶ್ವಶಕ್ತಿ, ಬಂದೂಕುಗಳ ಸಂಖ್ಯೆ ಇವುಗಳ ಪಟ್ಟಿಯೇ ಉತ್ತರವಾಗಿ ದೊರೆಯುತ್ತದೆ. ಆದರೆ 1942ರಲ್ಲಿ ಪೆಸಿಫಿಕ್ ಸಾಗರದ ಮೇಲೆ ನಡೆದ ಕಾಳಗಗಳು ಈ ಪಟ್ಟಿಯ ಲೆಕ್ಕಕ್ಕೆ ಪೂರ್ತಿಯಾಗಿ ಒಳಪಡುವುದಿಲ್ಲ. ಜಪಾನಿನ ಮಿತ್ಸುಬಿಶಿ ಜೀರೋ ವಿಮಾನವು ಅಮೆರಿಕದ ಗ್ರಮ್ಮನ್ ವೈಲ್ಡ್‌ಕ್ಯಾಟ್‌ಗಿಂತ ವೇಗದಲ್ಲಿ, ಏರುವಿಕೆಯಲ್ಲಿ, ತಿರುಗುವಿಕೆಯಲ್ಲಿ, ಹಾರಾಟದ ದೂರದಲ್ಲಿ ಮುಂದಿತ್ತು. ಹೀಗಿದ್ದರೂ ಆ ವರ್ಷದ ಕೊನೆಯ ವೇಳೆಗೆ ಕಂಗೆಟ್ಟು ನಿಂತದ್ದು ಜಪಾನಿನ ನೌಕಾ ವಾಯುದಳವೇ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ವಿಮಾನದ ಜೊತೆಗೆ ಅದರೊಳಗೆ ಕುಳಿತವನ ಶರೀರವನ್ನೂ ಅವನ ಪಕ್ಕದಲ್ಲಿ ಹಾರುತ್ತಿದ್ದ ಜೊತೆಗಾರನನ್ನೂ ಗಮನಿಸಬೇಕಾಗುತ್ತದೆ. ವೈದ್ಯಕೀಯವನ್ನು ವೃತ್ತಿಯಾಗಿಸಿಕೊಂಡ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೂ ಆ ಕಾರಣದಿಂದಲೇ.

ಎರಡು ವಿಮಾನ, ಎರಡು ಧೋರಣೆ

ಜೀರೋ ವಿಮಾನದ ಮುಖ್ಯ ವಿನ್ಯಾಸಕ ಜಿರೋ ಹೊರಿಕೋಶಿ. ಜಪಾನಿನ ಸಾಮ್ರಾಜ್ಯ ಶಕೆಯ 2600ನೆಯ ವರ್ಷ, ಎಂದರೆ 1940ರಲ್ಲಿ, ನೌಕಾದಳಕ್ಕೆ ಸೇರ್ಪಡೆಯಾದ್ದರಿಂದ ಆ ವರ್ಷದ ಕೊನೆಯ ಸೊನ್ನೆಯೇ ಅದರ ಹೆಸರಾಯಿತು. ನೌಕಾದಳ ಹೊರಿಕೋಶಿಯ ಮುಂದಿಟ್ಟ ಬೇಡಿಕೆಗಳು ಒಂದಕ್ಕೊಂದು ವಿರುದ್ಧವಾಗಿದ್ದವು. ವಿಮಾನ ವೇಗವಾಗಿರಬೇಕು, ಚುರುಕಾಗಿ ತಿರುಗಬೇಕು, ಬಹುದೂರ ಹಾರಬೇಕು, ದೊಡ್ಡ ಗುಂಡುಗಳನ್ನು ಹಾರಿಸಬೇಕು. ಇವೆಲ್ಲವನ್ನೂ ಸುಮಾರು 950 ಅಶ್ವಶಕ್ತಿಯ ಸಕಾಯೆ ಎಂಜಿನ್ನಿನಿಂದಲೇ ಸಾಧಿಸಬೇಕು. ಇದಕ್ಕಿದ್ದ ದಾರಿ ಒಂದೇ: ತೂಕವನ್ನು ಕಡಿಮೆ ಮಾಡುವುದು. ಹೊಸ ಬಗೆಯ ಹಗುರ ಅಲ್ಯೂಮಿನಿಯಂ ಮಿಶ್ರಲೋಹವನ್ನು ಬಳಸಿದರು. ಚೌಕಟ್ಟಿನಲ್ಲಿ ಸಾಧ್ಯವಿದ್ದ ಕಡೆಯಲ್ಲೆಲ್ಲ ತೂತು ಕೊರೆದು ಲೋಹವನ್ನು ಉಳಿಸಿದರು. ಚಾಲಕನ ಬೆನ್ನಿನ ಹಿಂದೆ ಉಕ್ಕಿನ ಫಲಕವನ್ನು ಇಡಲಿಲ್ಲ. ಗುಂಡು ತಗುಲಿದಾಗ ತಾನಾಗಿ ಮುಚ್ಚಿಕೊಳ್ಳುವ ರಬ್ಬರಿನ ಒಳಪದರ ಇಂಧನದ ತೊಟ್ಟಿಗಳಿಗೆ ಇರಲಿಲ್ಲ. ಹೀಗಾಗಿ ಪೂರ್ಣ ಸಜ್ಜಾದ ಜೀರೋ ಸುಮಾರು 2,400 ಕಿಲೋಗ್ರಾಂ ಮಾತ್ರ ತೂಗುತ್ತಿತ್ತು. ಹೆಚ್ಚುವರಿ ತೊಟ್ಟಿಯನ್ನು ಹೊತ್ತಾಗ ಅದು ಹಾರಬಲ್ಲ ದೂರ 3,000 ಕಿಲೋಮೀಟರನ್ನು ಮೀರುತ್ತಿತ್ತು.

1942ರ ವೈಲ್ಡ್‌ಕ್ಯಾಟ್ ಸುಮಾರು 3,600 ಕಿಲೋಗ್ರಾಂ ತೂಕದ, 1,200 ಅಶ್ವಶಕ್ತಿಯ, ಗಿಡ್ಡನೆಯ ವಿಮಾನ. ನೆಲ ಬಿಟ್ಟ ಮೇಲೆ ಅದರ ಚಕ್ರಗಳನ್ನು ಒಳಗೆಳೆದುಕೊಳ್ಳಲು ಚಾಲಕನು ಕೈಹಿಡಿಯೊಂದನ್ನು ಹತ್ತಾರು ಸುತ್ತು ತಿರುಗಿಸಬೇಕಾಗಿತ್ತು. ಆದರೆ ಅದರಲ್ಲಿ ಬೆನ್ನಿಗೆ ಉಕ್ಕಿನ ರಕ್ಷಣೆಯಿತ್ತು, ತಾನಾಗಿ ಮುಚ್ಚಿಕೊಳ್ಳುವ ತೊಟ್ಟಿಗಳಿದ್ದವು, ಅರ್ಧ ಅಂಗುಲದ ಆರು ಮಷೀನ್ ಗನ್ನುಗಳಿದ್ದವು. ಜೀರೋದಲ್ಲಿ 20 ಮಿಲಿಮೀಟರಿನ ಎರಡು ಫಿರಂಗಿಗಳೂ ಎರಡು ಸಣ್ಣ ಮಷೀನ್ ಗನ್ನುಗಳೂ ಇದ್ದವು. ಆದರೆ ಆರಂಭದ ಮಾದರಿಗಳಲ್ಲಿ ಒಂದೊಂದು ಫಿರಂಗಿಗೆ ಕೇವಲ 60 ಗುಂಡುಗಳಿದ್ದು, ಅವು ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತಿದ್ದವು.

ತಿರುವಿನ ಲೆಕ್ಕ

ಪ್ರೊಪೆಲ್ಲರ್ ಕಾಲದ ವಿಮಾನಗಳ ಬಂದೂಕುಗಳು ಮುಂದಕ್ಕೆ ಮಾತ್ರ ಹಾರಿಸಬಲ್ಲವಾಗಿದ್ದವು. ಆದ್ದರಿಂದ ಶತ್ರುವಿನ ಬಾಲದ ಹಿಂದೆ ಸೇರಿಕೊಳ್ಳುವುದೇ ಎಲ್ಲರ ಗುರಿ. ಇಬ್ಬರೂ ಪರಸ್ಪರರ ಬಾಲವನ್ನು ಅರಸಿ ಸುತ್ತತೊಡಗಿದಾಗ ಸಣ್ಣ ವೃತ್ತದಲ್ಲಿ ತಿರುಗಬಲ್ಲವನು ಗೆಲ್ಲುತ್ತಾನೆ.

ಈ ವೃತ್ತದ ಗಾತ್ರವನ್ನು ನಿರ್ಧರಿಸುವ ಅಂಶಗಳು ಎರಡು: ವೇಗ ಮತ್ತು ತಿರುವಿನ ಬಿಗಿ. ಬಿಗಿಯನ್ನು ಭೂಮಿಯ ಗುರುತ್ವದ ಎಷ್ಟು ಪಟ್ಟು ಎಂದು ಅಳೆದು ‘ಜಿ’ ಎಂಬ ಅಕ್ಷರದಿಂದ ಸೂಚಿಸುವುದು ರೂಢಿ. ಗಂಟೆಗೆ 370 ಕಿಲೋಮೀಟರ್ ವೇಗದಲ್ಲಿ 4 ಜಿ ತಿರುವು ತೆಗೆದುಕೊಂಡರೆ ವೃತ್ತದ ತ್ರಿಜ್ಯ ಸುಮಾರು 280 ಮೀಟರ್. ಅದೇ 4 ಜಿಯಲ್ಲಿ ವೇಗ 480 ಕಿಲೋಮೀಟರ್ ಇದ್ದರೆ ತ್ರಿಜ್ಯ 470 ಮೀಟರಿನಷ್ಟಾಗುತ್ತದೆ. ಚಾಲಕನ ಶರೀರಕ್ಕೆ ಎರಡೂ ಸಂದರ್ಭಗಳಲ್ಲಿ ಆಗುವ ಶ್ರಮ ಒಂದೇ. ಆದರೆ ನಿಧಾನವಾಗಿ ಹೋಗುತ್ತಿರುವವನು ಒಳಗಿನ ವೃತ್ತದಲ್ಲಿ ಸುಳಿದು ಶತ್ರುವಿನ ಬೆನ್ನು ಹಿಡಿಯುತ್ತಾನೆ.

ಹಾಗಿದ್ದರೆ ಎಲ್ಲರೂ ನಿಧಾನವಾಗಿಯೇ ತಿರುಗಬಹುದಲ್ಲವೇ? ಇಲ್ಲಿ ರೆಕ್ಕೆ ಅಡ್ಡಬರುತ್ತದೆ. 4 ಜಿ ತಿರುವಿನಲ್ಲಿ ರೆಕ್ಕೆಗಳು ವಿಮಾನದ ತೂಕದ ನಾಲ್ಕು ಪಟ್ಟು ಭಾರವನ್ನು ಹೊರಬೇಕು. ಅದಕ್ಕಾಗಿ ವೇಗವು, ನೇರ ಹಾರಾಟದಲ್ಲಿ ವಿಮಾನ ಕುಸಿಯದೆ ನಿಲ್ಲಬಲ್ಲ ಕನಿಷ್ಠ ವೇಗದ ಎರಡರಷ್ಟಾದರೂ ಇರಬೇಕು. ಜೀರೋದ ರೆಕ್ಕೆಯ ಪ್ರತಿ ಚದರ ಮೀಟರು ಹೊರುತ್ತಿದ್ದ ತೂಕ ಸುಮಾರು 107 ಕಿಲೋಗ್ರಾಂ. ವೈಲ್ಡ್‌ಕ್ಯಾಟಿನದು ಸುಮಾರು 149. ಉಳಿದುದೆಲ್ಲ ಸಮಾನವೆಂದು ಭಾವಿಸಿದರೆ, ರೆಕ್ಕೆಯ ಶಕ್ತಿಯ ಅಂಚಿನಲ್ಲಿ ತಿರುಗುವಾಗ ವೈಲ್ಡ್‌ಕ್ಯಾಟಿನ ವೃತ್ತವು ಜೀರೋದ ವೃತ್ತಕ್ಕಿಂತ ಸುಮಾರು ಒಂದೂವರೆ ಪಟ್ಟಿಗೆ ಸಮೀಪವಾಗುತ್ತದೆ. ಈ ಅಂತರವನ್ನು ಎಷ್ಟೇ ಕೌಶಲವೂ ತುಂಬಲಾರದು. ಜೀರೋದೊಡನೆ ನಿಧಾನಗತಿಯಲ್ಲಿ ಸುತ್ತುವ ಕಾಳಗಕ್ಕೆ ಇಳಿಯುವುದು ಆತ್ಮಹತ್ಯೆಗೆ ಸಮಾನವೆಂದು ಆ ಕಾಲದವರು ಕಂಡುಕೊಂಡದ್ದು ಈ ಕಾರಣದಿಂದ.

ರಕ್ತದ ಭಾರ

ವೇಗ ಹೆಚ್ಚಿದಂತೆ ಚಿತ್ರ ಬದಲಾಗುತ್ತದೆ. ಆಗ ತಿರುವಿಗೆ ಮಿತಿ ಹಾಕುವುದು ರೆಕ್ಕೆಯಲ್ಲ, ಚಾಲಕನ ರಕ್ತಪರಿಚಲನೆ.

ನೆಟ್ಟಗೆ ಕುಳಿತ ಮನುಷ್ಯನ ಹೃದಯಕ್ಕೂ ಕಣ್ಣಿಗೂ ನಡುವೆ ಸುಮಾರು 30 ಸೆಂಟಿಮೀಟರ್ ಎತ್ತರವಿದೆ. ಅಷ್ಟು ಎತ್ತರದ ರಕ್ತದ ಕಂಬವನ್ನು ಮೇಲೆತ್ತಲು, ಸಾಮಾನ್ಯ ಗುರುತ್ವದಲ್ಲಿ, ಪಾದರಸದ 22-23 ಮಿಲಿಮೀಟರಿನಷ್ಟು ಒತ್ತಡ ಖರ್ಚಾಗುತ್ತದೆ. ಹೃದಯದ ಮಟ್ಟದಲ್ಲಿ ಸರಾಸರಿ ರಕ್ತದೊತ್ತಡ 95ರಿಂದ 100 ಇರುವ ಆರೋಗ್ಯವಂತನಿಗೆ ಇದು ಗಮನಕ್ಕೇ ಬಾರದ ಖರ್ಚು. ಆದರೆ 4 ಜಿ ತಿರುವಿನಲ್ಲಿ ಅದೇ ಕಂಬದ ಭಾರ ನಾಲ್ಕು ಪಟ್ಟಾಗಿ 90ರ ಆಸುಪಾಸಿಗೆ ಏರುತ್ತದೆ. ತಲೆಗೆ ತಲುಪಲು ಉಳಿಯುವ ಒತ್ತಡ ಹೆಚ್ಚುಕಡಿಮೆ ಶೂನ್ಯ.

ಮೊದಲು ಸೋಲುವುದು ಕಣ್ಣು. ಕಣ್ಣುಗುಡ್ಡೆಯೊಳಗೆ ಅದರದೇ ಆದ 15ರಿಂದ 20 ಮಿಲಿಮೀಟರ್ ಒತ್ತಡವಿರುವುದರಿಂದ, ಮಿದುಳಿಗೆ ರಕ್ತ ಇನ್ನೂ ಹರಿಯುತ್ತಿರುವಾಗಲೇ ಅಕ್ಷಿಪಟಕ್ಕೆ ಹರಿಯುವುದು ನಿಲ್ಲುತ್ತದೆ. ಮೊದಲು ಬಣ್ಣಗಳು ಮಾಸುತ್ತವೆ. ಅಂಚಿನ ನೋಟ ಮುಚ್ಚಿಕೊಂಡು ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಬಳಿಕ ಪೂರ್ತಿ ಕತ್ತಲು. ಈ ಹಂತದಲ್ಲಿ ಚಾಲಕನಿಗೆ ಎಚ್ಚರವಿರುತ್ತದೆ, ಕಿವಿ ಕೇಳುತ್ತಿರುತ್ತದೆ, ಆದರೆ ಆತ ಕುರುಡ. ಇನ್ನೂ ಒಂದು ಜಿಯಷ್ಟು ಬಿಗಿ ಹೆಚ್ಚಾದರೆ ಪ್ರಜ್ಞೆಯೇ ತಪ್ಪುತ್ತದೆ. ಕತ್ತಿನ ರಕ್ತನಾಳಗಳಲ್ಲಿರುವ ಒತ್ತಡ ಸಂವೇದಕಗಳು ಹೃದಯವನ್ನು ಎಚ್ಚರಿಸಿ ಒತ್ತಡವನ್ನು ಏರಿಸುತ್ತವೆ, ನಿಜ. ಆದರೆ ಅದಕ್ಕೆ ಆರರಿಂದ ಹತ್ತು ಸೆಕೆಂಡು ಬೇಕು. ಮಿದುಳಿನಲ್ಲಿ ಉಳಿದಿರುವ ಆಮ್ಲಜನಕ ನಾಲ್ಕೈದು ಸೆಕೆಂಡಿಗೆ ಮಾತ್ರ ಸಾಲುತ್ತದೆ. ಹೊಟ್ಟೆ ಮತ್ತು ಕಾಲಿನ ಸ್ನಾಯುಗಳನ್ನು ಬಿಗಿಹಿಡಿದು, ಉಸಿರನ್ನು ತಡೆದು ಮುಕ್ಕಿರಿಯುವುದನ್ನು ಚಾಲಕರು ಅನುಭವದಿಂದಲೇ ಕಲಿತಿದ್ದರು. ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದಲ್ಲಿ ಕಾಲುಗಳನ್ನು ಎತ್ತರಕ್ಕೆ ಏರಿಸಿಕೊಳ್ಳಲೆಂದು ಎರಡು ಮೆಟ್ಟಿಲಿನ ಪಾದಪೀಠವನ್ನೇ ಇಟ್ಟಿದ್ದರು.

ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಕ್ಯಾನ್ಸರ್ ಸಂಶೋಧನೆಯಲ್ಲಿ ತೊಡಗಿದ್ದ ಡಾ. ವಿಲ್ಬರ್ ಫ್ರ್ಯಾಂಕ್ಸ್ ಇದಕ್ಕೊಂದು ಪರಿಹಾರವನ್ನು ಕಂಡುಕೊಂಡರು. ವೇಗವಾಗಿ ತಿರುಗುವ ಯಂತ್ರದಲ್ಲಿ ಒಡೆಯುತ್ತಿದ್ದ ಗಾಜಿನ ನಳಿಕೆಗಳನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಅವು ಒಡೆಯುವುದಿಲ್ಲವೆಂಬುದು ಅವರ ಪ್ರಯೋಗಶಾಲೆಯ ಅನುಭವ. ಅದೇ ಸೂತ್ರದಿಂದ ಕಾಲು ಮತ್ತು ಹೊಟ್ಟೆಯನ್ನು ಸುತ್ತುವರಿಯುವ, ನೀರು ತುಂಬಿದ ಉಡುಪನ್ನು ರೂಪಿಸಿದರು. ಬ್ರಿಟಿಷ್ ನೌಕಾ ಚಾಲಕರು 1942ರ ನವೆಂಬರಿನಲ್ಲಿ ಉತ್ತರ ಆಫ್ರಿಕದ ಕಾರ್ಯಾಚರಣೆಯಲ್ಲಿ ಅದನ್ನು ಧರಿಸಿ ಹಾರಿದರು. ಇಂದಿನ ಜೆಟ್ ಚಾಲಕರ ಗಾಳಿ ತುಂಬುವ ಉಡುಪು ಇದೇ ಕುಲಕ್ಕೆ ಸೇರಿದ್ದು. ನಮ್ಮ ಬೆಂಗಳೂರಿನಲ್ಲಿ ಭಾರತೀಯ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯು ಚಾಲಕರನ್ನು ದೊಡ್ಡ ತಿರುಗಣೆಯಲ್ಲಿ ಕೂರಿಸಿ ಅಭ್ಯಾಸ ಮಾಡಿಸುವುದೂ ರಕ್ತದ ಈ ಭಾರವನ್ನು ಎದುರಿಸುವುದಕ್ಕಾಗಿಯೇ.

ವಾಯುಕಾಳಗದ ತಂತ್ರಕ್ಕೆ ಇದರಿಂದ ಒಂದು ಮುಖ್ಯ ಪಾಠ ದೊರೆಯುತ್ತದೆ. ನಿಧಾನಗತಿಯಲ್ಲಿ ಹಗುರ ವಿಮಾನಕ್ಕೆ ಅನುಕೂಲ. ಅತಿವೇಗದಲ್ಲಿ ಇಬ್ಬರು ಚಾಲಕರ ಶರೀರಗಳೂ ಒಂದೇ ಮಿತಿಗೆ ಬಂದು ನಿಲ್ಲುವುದರಿಂದ ಆ ಅನುಕೂಲ ಕರಗುತ್ತದೆ. ಜೀರೋದ ವಿಷಯದಲ್ಲಿ ಇನ್ನೂ ಒಂದು ತೊಡಕಿತ್ತು. ವಿಮಾನವನ್ನು ಪಕ್ಕಕ್ಕೆ ಹೊರಳಿಸುವ ರೆಕ್ಕೆಯಂಚಿನ ಪಟ್ಟಿಗಳು ವೇಗ ಹೆಚ್ಚಿದಂತೆ ಗಾಳಿಯ ಒತ್ತಡಕ್ಕೆ ಸಿಲುಕಿ, ಚಾಲಕ ತೋಳಿನ ಬಲವನ್ನೆಲ್ಲ ಹಾಕಿದರೂ ಅಲುಗದಷ್ಟು ಬಿಗಿಯಾಗುತ್ತಿದ್ದವು.

ಎತ್ತರವೆಂಬ ಉಳಿತಾಯ

ಭಾರವಾದ ವಿಮಾನದ ಚಾಲಕನಿಗೆ ಉಳಿದ ಮಾರ್ಗವೆಂದರೆ ಎತ್ತರವನ್ನು ಬಂಡವಾಳವಾಗಿ ಬಳಸುವುದು. ಶತ್ರುವಿಗಿಂತ ಮೇಲಿದ್ದು, ಧುಮುಕಿ, ಒಂದೇ ಸಲ ಗುಂಡು ಹಾರಿಸಿ, ತಿರುಗಲು ಹೋಗದೆ ಅದೇ ವೇಗದಲ್ಲಿ ದೂರ ಸಾಗಿ ಮತ್ತೆ ಮೇಲೇರುವುದು. ಚೀನಾದಲ್ಲಿ ಅಮೆರಿಕನ್ ಸ್ವಯಂಸೇವಕ ದಳವನ್ನು ಕಟ್ಟಿದ ಕ್ಲೇರ್ ಶೆನಾಲ್ಟ್ ತನ್ನ ಚಾಲಕರಿಗೆ ಬೋಧಿಸಿದ್ದು ಇದನ್ನೇ. ಅವರ ಪಿ-40 ವಿಮಾನಗಳು ತಮಗಿಂತ ಚುರುಕಾದ ಜಪಾನಿ ಸೇನಾ ವಿಮಾನಗಳನ್ನು ಎದುರಿಸಿದ್ದು ಈ ಶಿಸ್ತಿನಿಂದ.

ಯೂರೋಪಿನ ಅನುಭವವನ್ನು ಹಾಗೆಯೇ ತಂದವರು ಬೆಲೆ ತೆತ್ತರು. 1942ರ ಏಪ್ರಿಲ್ 5ರಂದು ಕೊಲಂಬೊ ಮೇಲೆ ಜಪಾನಿನ ನೌಕಾ ವಿಮಾನಗಳು ದಾಳಿಯಿಟ್ಟಾಗ ಬ್ರಿಟನ್ನಿನ ಹರಿಕೇನ್‌ಗಳು ತೀವ್ರ ನಷ್ಟವನ್ನು ಅನುಭವಿಸಿದವು. ಜರ್ಮನರ ವಿರುದ್ಧ ತಿರುವಿನ ಕಾಳಗದಲ್ಲಿ ಮೇಲುಗೈ ಪಡೆದಿದ್ದ ವಿಮಾನವದು. ಜೀರೋದ ಎದುರು ಆ ವಿದ್ಯೆ ನಡೆಯಲಿಲ್ಲ.

ಆದರೆ ಧುಮುಕಿ ಏರುವ ಈ ಉಪಾಯಕ್ಕೆ ಮೊದಲು ಎತ್ತರ ಕೈಯಲ್ಲಿರಬೇಕು. ಬಾಂಬರ್‌ಗಳಿಗೆ ಬೆಂಗಾವಲಾಗಿ ಹೋಗುವವರಿಗೆ ಅವುಗಳನ್ನು ಬಿಟ್ಟು ಮೇಲೇರುವ ಸ್ವಾತಂತ್ರ್ಯವಿಲ್ಲ. ಅಂಥವರು ಏನು ಮಾಡಬೇಕು?

ಬೆಂಕಿಕಡ್ಡಿಗಳ ನೇಯ್ಗೆ

ಈ ಪ್ರಶ್ನೆಯನ್ನು 1941ರಲ್ಲಿ, ಜಪಾನಿನೊಡನೆ ಯುದ್ಧ ಆರಂಭವಾಗುವ ಮೊದಲೇ ಕೈಗೆತ್ತಿಕೊಂಡವನು ಅಮೆರಿಕದ ನೌಕಾದಳದ ಜಾನ್ ಥ್ಯಾಚ್. ಚೀನಾದಿಂದ ಬಂದ ಗುಪ್ತಚರ ವರದಿಯೊಂದರಲ್ಲಿ ಹೊಸ ಜಪಾನಿ ವಿಮಾನದ ಸಾಮರ್ಥ್ಯವನ್ನು ಓದಿದ ಆತ, ಅದನ್ನು ನಿಜವೆಂದೇ ಭಾವಿಸಿ, ಕ್ಯಾಲಿಫೋರ್ನಿಯದ ಕೊರೊನಾಡೊದಲ್ಲಿದ್ದ ತನ್ನ ಮನೆಯಲ್ಲಿ ರಾತ್ರಿಯ ಹೊತ್ತು ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ವಿಮಾನಗಳಂತೆ ಜೋಡಿಸಿ ಸರಿಸುತ್ತ ಕೂರುತ್ತಿದ್ದ.

ಅವನು ಕಂಡುಕೊಂಡ ವಿಧಾನ ಹೀಗಿದೆ. ಎರಡು ವಿಮಾನಗಳು, ಅಥವಾ ಎರಡು ಜೋಡಿಗಳು, ಅಕ್ಕಪಕ್ಕದಲ್ಲಿ ಹಾರಬೇಕು. ನಡುವಿನ ಅಂತರ ಅವು ತೆಗೆದುಕೊಳ್ಳುವ ಬಿಗಿಯಾದ ತಿರುವಿನ ಅಗಲದಷ್ಟಿರಬೇಕು. ಎಡಗಡೆಯವನು ಬಲಗಡೆಯವನ ಬಾಲವನ್ನೂ ಬಲಗಡೆಯವನು ಎಡಗಡೆಯವನ ಬಾಲವನ್ನೂ ಕಾಯಬೇಕು. ಎಡಗಡೆಯವನ ಹಿಂದೆ ಶತ್ರು ಬಂದೊಡನೆ ಬಲಗಡೆಯವನು ಅವನತ್ತ ರಭಸದಿಂದ ತಿರುಗುತ್ತಾನೆ. ಆ ತಿರುವೇ ಸಂಕೇತ, ರೇಡಿಯೊ ಬೇಕಿಲ್ಲ. ಅದನ್ನು ಕಂಡ ಎಡಗಡೆಯವನು ತಾನೂ ಜೊತೆಗಾರನತ್ತ ತಿರುಗುತ್ತಾನೆ. ಬೆನ್ನಟ್ಟಿ ಬಂದ ಜೀರೋ ಹಾಗೆಯೇ ಮುಂದುವರಿದರೆ ಬಲಗಡೆಯವನ ಬಂದೂಕುಗಳಿಗೆ ಮುಖಾಮುಖಿಯಾಗುತ್ತದೆ. ಹೆದರಿ ಪಕ್ಕಕ್ಕೆ ಸರಿದರೆ ತನ್ನ ಒಡಲನ್ನು ಅವನಿಗೆ ಒಡ್ಡುತ್ತದೆ. ಎರಡು ವೈಲ್ಡ್‌ಕ್ಯಾಟ್‌ಗಳೂ ಒಂದನ್ನೊಂದು ದಾಟಿ, ಬದಿಗಳನ್ನು ಅದಲುಬದಲು ಮಾಡಿಕೊಂಡು, ಮತ್ತೆ ಅದೇ ಅಂತರದಲ್ಲಿ ನಿಲ್ಲುತ್ತವೆ. ಹೆಣಿಗೆಯಂತೆ ಇದು ಎಷ್ಟು ಸಲವಾದರೂ ಮುಂದುವರಿಯಬಹುದು.

ಈ ವಿಧಾನವನ್ನು ಪರೀಕ್ಷಿಸಲು ಥ್ಯಾಚ್ ನಾಲ್ಕು ವಿಮಾನಗಳ ಎಂಜಿನ್ ಶಕ್ತಿಯನ್ನು ಬೇಕೆಂದೇ ತಗ್ಗಿಸಿ, ಪೂರ್ಣಶಕ್ತಿಯ ನಾಲ್ಕು ವಿಮಾನಗಳಿಂದ ದಾಳಿ ಮಾಡಿಸಿದ. ದಾಳಿಗಾರರ ನಾಯಕ ಎಡ್ವರ್ಡ್ ಓ'ಹೇರ್. ಶಿಕಾಗೊ ನಗರದ ವಿಮಾನ ನಿಲ್ದಾಣದ ಮೂಲಕ ಊರಿಗೆ ಹೋಗಿಬರುವ ಕನ್ನಡಿಗರಿಗೆಲ್ಲ ಪರಿಚಿತವಾದ ಹೆಸರು ಇದೇ ಚಾಲಕನದು. ಎಷ್ಟು ಸಲ ಎರಗಿದರೂ ಥ್ಯಾಚನ ಬಂದೂಕುಗಳು ತನ್ನತ್ತಲೇ ತಿರುಗಿರುತ್ತಿದ್ದುದನ್ನು ಓ'ಹೇರ್ ಕಂಡುಕೊಂಡ. ಈ ತಂತ್ರಕ್ಕೆ ‘ಥ್ಯಾಚ್ ನೇಯ್ಗೆ’ ಎಂಬ ಹೆಸರನ್ನು ಕೊಟ್ಟವನು ಅವರ ಸಹೋದ್ಯೋಗಿ ಜೇಮ್ಸ್ ಫ್ಲ್ಯಾಟ್ಲಿ.

ಇದು ಫಲಿಸಲು ಇನ್ನೊಂದು ಸಿದ್ಧತೆಯೂ ಕಾರಣ. ಅಡ್ಡಹಾಯುವ ಗುರಿಯ ಮುಂದಿನ ಖಾಲಿ ಜಾಗಕ್ಕೆ ಲೆಕ್ಕಹಾಕಿ ಗುಂಡು ಹಾರಿಸುವ ಅಭ್ಯಾಸವನ್ನು ಅಮೆರಿಕದ ನೌಕಾದಳ ಯುದ್ಧಕ್ಕೆ ಮೊದಲೇ ತನ್ನ ಚಾಲಕರಿಗೆ ಬಹುಕಾಲ ಮಾಡಿಸಿತ್ತು. ಕ್ಷಣಮಾತ್ರ ಎದುರಾಗುವ ಶತ್ರುವಿಗೆ ಹೊಡೆಯುವ ಕೈಚಳಕವಿಲ್ಲದಿದ್ದರೆ ನೇಯ್ಗೆ ಕೇವಲ ತಪ್ಪಿಸಿಕೊಳ್ಳುವ ಆಟವಾಗಿ ಉಳಿಯುತ್ತಿತ್ತು.

ಮಿಡ್ವೇ, ಜೂನ್ 4

1942ರ ಜೂನ್ 4ರ ಬೆಳಗ್ಗೆ ಥ್ಯಾಚ್ ಯಾರ್ಕ್‌ಟೌನ್ ನೌಕೆಯಿಂದ ಆರು ವೈಲ್ಡ್‌ಕ್ಯಾಟ್‌ಗಳೊಡನೆ ಹೊರಟ. ಹನ್ನೆರಡು ಟಾರ್ಪೀಡೊ ವಿಮಾನಗಳ ಬೆಂಗಾವಲು ಅವನ ಹೊಣೆ. ಜಪಾನಿನ ನೌಕಾಪಡೆಯ ಸಮೀಪದಲ್ಲಿ ಜೀರೋಗಳ ಗುಂಪು ಎರಗಿ ಮೊದಲ ಹೊಡೆತಕ್ಕೇ ಒಂದು ವೈಲ್ಡ್‌ಕ್ಯಾಟನ್ನು ಬೀಳಿಸಿತು. ಥ್ಯಾಚ್ ನೇಯ್ಗೆಯನ್ನು ಆರಂಭಿಸಬೇಕೆಂದರೆ, ಅವನ ಗುಂಪಿನ ಎರಡನೆಯ ಜೋಡಿಯ ನಾಯಕ ಬೇರೊಂದು ದಳದಿಂದ ಬಂದವನು. ಆ ವಿದ್ಯೆಯನ್ನು ಕಲಿತಿರಲಿಲ್ಲ, ಮೇಲಾಗಿ ಅವನ ರೇಡಿಯೊ ಕೆಟ್ಟಿತ್ತು. ಕೊನೆಗೆ ಥ್ಯಾಚ್ ತನ್ನ ಜೊತೆಗಾರ, ಕಿರಿಯ ಅಧಿಕಾರಿ ಡಿಬ್‌ನನ್ನು ಪಕ್ಕಕ್ಕೆ ದೂರ ಸರಿಯುವಂತೆ ಹೇಳಿ ಅವನೊಡನೆ ನೇಯತೊಡಗಿದ. ಆ ದಿನ ಥ್ಯಾಚ್ ತಾನು ಮೂರು ಜೀರೋಗಳನ್ನೂ ಡಿಬ್ ಒಂದನ್ನೂ ಬೀಳಿಸಿದುದಾಗಿ ವರದಿ ಮಾಡಿದರು.

ಗೆಲುವಿನ ಈ ಕಥೆಯ ಇನ್ನೊಂದು ಮುಖವನ್ನು ಮರೆಯಬಾರದು. ಅವರು ಕಾಯಬೇಕಾಗಿದ್ದ ಹನ್ನೆರಡು ಟಾರ್ಪೀಡೊ ವಿಮಾನಗಳಲ್ಲಿ ಒಂದೂ ಹಡಗಿಗೆ ಮರಳಲಿಲ್ಲ. ನೇಯ್ಗೆಯು ನೇಯುವವರನ್ನು ಉಳಿಸಿತು. ಸಂಖ್ಯಾಬಲವಿಲ್ಲದೆ ಅದು ಬೇರೆಯವರನ್ನು ಉಳಿಸಲಾರದಾಯಿತು. ಆದರೆ ಜೀರೋಗಳ ಗಮನವೆಲ್ಲ ಈ ಕಾಳಗದತ್ತ ಸೆಳೆದಿದ್ದ ಹೊತ್ತಿನಲ್ಲೇ ಅಮೆರಿಕದ ಧುಮುಕುಬಾಂಬರ್‌ಗಳು ಎತ್ತರದಿಂದ ಇಳಿದು, ಅಕಾಗಿ, ಕಾಗಾ, ಸೋರ್ಯು ಎಂಬ ಮೂರು ವಿಮಾನವಾಹಕ ನೌಕೆಗಳಿಗೆ ಕೆಲವೇ ನಿಮಿಷಗಳಲ್ಲಿ ಬೆಂಕಿಯಿಟ್ಟವು.

ಜೌಗಿನಲ್ಲಿ ಸಿಕ್ಕ ಜೀರೋ

ಅದೇ ದಿನ, ಸಾವಿರಾರು ಕಿಲೋಮೀಟರ್ ಉತ್ತರದಲ್ಲಿ, ಅಲ್ಯೂಷಿಯನ್ ದ್ವೀಪಸಮೂಹದ ಅಕುಟಾನ್ ದ್ವೀಪದಲ್ಲಿ ತಾದಾಯೋಶಿ ಕೋಗಾ ಎಂಬ ಯುವಕ ಪೆಟ್ಟುತಿಂದ ತನ್ನ ಜೀರೋವನ್ನು ಹುಲ್ಲುಗಾವಲೆಂದು ಕಂಡ ನೆಲದಲ್ಲಿ ಇಳಿಸಿದ. ಅದು ಜೌಗು. ಚಕ್ರಗಳು ಹೂತು ವಿಮಾನ ತಲೆಕೆಳಗಾಯಿತು, ಚಾಲಕ ಸತ್ತ. ಜುಲೈನಲ್ಲಿ ಅಮೆರಿಕನ್ನರ ಕಣ್ಣಿಗೆ ಬಿದ್ದ ಆ ವಿಮಾನವನ್ನು ಸ್ಯಾನ್ ಡಿಯಾಗೊಗೆ ಸಾಗಿಸಿ ದುರಸ್ತಿಮಾಡಿ ಸೆಪ್ಟೆಂಬರಿನಲ್ಲಿ ಹಾರಿಸಿದರು. ಅತಿವೇಗದಲ್ಲಿ ಹೊರಳಲಾರದ ದೋಷವೂ, ಮೂತಿಯನ್ನು ಥಟ್ಟನೆ ಕೆಳಕ್ಕೆ ಒತ್ತಿದಾಗ ಕಾರ್ಬ್ಯುರೇಟರಿನ ಇಂಧನ ಮೇಲಕ್ಕೆ ಚಿಮ್ಮಿ ಎಂಜಿನ್ ಉಸಿರುಗಟ್ಟುವ ದೋಷವೂ ಆಗ ಖಚಿತವಾದವು. ಬೆನ್ನುಹತ್ತಿದ ಜೀರೋದಿಂದ ಪಾರಾಗಲು ರಭಸದಿಂದ ಧುಮುಕಿ, ವೇಗ ಏರಿದ ಮೇಲೆ ಬಲಕ್ಕೆ ಹೊರಳಿರಿ ಎಂಬ ಸಲಹೆ ಚಾಲಕರಿಗೆ ದೊರೆಯಿತು. ಮುಂದೆ ಬಂದ ಬಲಶಾಲಿ ಹೆಲ್‌ಕ್ಯಾಟ್ ವಿಮಾನವನ್ನು ಈ ಜೀರೋವನ್ನು ನೋಡಿಯೇ ರೂಪಿಸಿದರೆಂಬ ಮಾತು ಬಳಕೆಯಲ್ಲಿದೆಯಾದರೂ ಅದು ಸರಿಯಲ್ಲ. ಹೆಲ್‌ಕ್ಯಾಟಿನ ಮೊದಲ ಮಾದರಿ ಹಾರಿದ್ದು 1942ರ ಜೂನ್ 26ರಂದು. ಆಗ ಕೋಗಾನ ವಿಮಾನ ಇನ್ನೂ ಜೌಗಿನಲ್ಲೇ ಇತ್ತು.

ಗ್ವಾಡಲ್‌ಕನಾಲ್: ದೂರ ಮತ್ತು ದಣಿವು

1942ರ ಆಗಸ್ಟಿನಿಂದ ಕಾಳಗ ಸಾಲೊಮನ್ ದ್ವೀಪಗಳಿಗೆ ಸರಿಯಿತು. ರಬೌಲ್ ನೆಲೆಯಿಂದ ಗ್ವಾಡಲ್‌ಕನಾಲ್‌ಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಜೀರೋ ಚಾಲಕರು ಇಕ್ಕಟ್ಟಾದ ಆಸನದಲ್ಲಿ ಗಂಟೆಗಟ್ಟಲೆ ಕುಳಿತು ಹಾರಿ, ಕಾಳಗಮಾಡಿ, ಅಷ್ಟೇ ದೂರ ಮರಳಬೇಕು. ಅವರ ಬರವನ್ನು ಬೂಗನ್‌ವಿಲ್ ದ್ವೀಪದ ಕಾಡಿನಲ್ಲಿ ಅಡಗಿದ್ದ ಆಸ್ಟ್ರೇಲಿಯನ್ ಕಾವಲುಗಾರರು ರೇಡಿಯೊ ಮೂಲಕ ಮುಂಚಿತವಾಗಿ ತಿಳಿಸುತ್ತಿದ್ದುದರಿಂದ, ನಿಧಾನವಾಗಿ ಏರುವ ವೈಲ್ಡ್‌ಕ್ಯಾಟಿಗೂ ಎತ್ತರಕ್ಕೆ ತಲುಪಲು ಸಮಯ ಸಿಗುತ್ತಿತ್ತು. ಕೆಳಗೆ ಮಲೇರಿಯ ಮತ್ತು ಆಮಶಂಕೆ ಅಮೆರಿಕನ್ನರನ್ನೂ ಕಾಡುತ್ತಿದ್ದವು. ಭೇದಿಯಿಂದ ನೀರಿನಂಶ ಕಳೆದುಕೊಂಡ ಶರೀರವು ಜಿ ಭಾರವನ್ನು ತಾಳುವುದು ಕಡಿಮೆ ಎಂಬುದನ್ನು ವೈದ್ಯರಿಗೆ ವಿವರಿಸಬೇಕಾಗಿಲ್ಲ.

ಆಗಸ್ಟ್ 7ರಂದು ಜಪಾನಿನ ಪ್ರಸಿದ್ಧ ಚಾಲಕ ಸಬುರೊ ಸಕಾಯ್, ವೈಲ್ಡ್‌ಕ್ಯಾಟೊಂದಕ್ಕೆ ನೂರಾರು ಗುಂಡು ಹೊಡೆದರೂ ಅದು ಬೀಳದೆ ಹಾರುತ್ತಿದ್ದುದನ್ನು ಕಂಡು ಬೆರಗಾದ. ಕೊನೆಗೆ ಫಿರಂಗಿಯಿಂದ ಬಿದ್ದ ಆ ವಿಮಾನದ ಚಾಲಕ ಸದರ್ಲೆಂಡ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ. ಅದೇ ದಿನ ಸಕಾಯ್ ಬಾಂಬರ್‌ಗಳ ಗುಂಪಿಗೆ ಹಿಂದಿನಿಂದ ಎರಗಲು ಹೋಗಿ ತಲೆಗೆ ಗುಂಡಿನ ಪೆಟ್ಟು ತಿಂದ. ಬಲಗಣ್ಣು ಕುರುಡಾಯಿತು, ಎಡಭಾಗಕ್ಕೆ ಪಾರ್ಶ್ವವಾಯು ಹೊಡೆಯಿತು. ಆ ಸ್ಥಿತಿಯಲ್ಲಿ ಆತ 4 ಗಂಟೆ 47 ನಿಮಿಷ ಹಾರಿ ರಬೌಲ್ ತಲುಪಿದ. ಮಿದುಳಿನ ಬಲಭಾಗಕ್ಕೆ ಏಟುಬಿದ್ದವನು ಎಡಗೈ ಎಡಗಾಲುಗಳ ನೆರವಿಲ್ಲದೆ ವಿಮಾನ ನಡೆಸಿದ ಈ ಘಟನೆ ಮನುಷ್ಯನ ಸಹಿಷ್ಣುತೆಗೆ ಒಂದು ಅಪೂರ್ವ ನಿದರ್ಶನ. ಆದರೆ ಅಂಥ ಪವಾಡ ಒಬ್ಬಿಬ್ಬರಿಗೆ ಮಾತ್ರ. ಸಾವಿರ ಕಿಲೋಮೀಟರ್ ಸಮುದ್ರದ ಮೇಲೆ ಪೆಟ್ಟುತಿಂದ ಜೀರೋಗಳಲ್ಲಿ ಬಹುಪಾಲು ಮರಳಲೇ ಇಲ್ಲ. ತನ್ನ ನೆಲೆಯ ಮೇಲೆಯೇ ಕಾದುತ್ತಿದ್ದ ವೈಲ್ಡ್‌ಕ್ಯಾಟಿನ ಚಾಲಕ ಹಾರಿಕೊಂಡರೆ ಎಷ್ಟೋ ಸಲ ಮರುದಿನವೋ ಮರುವಾರವೋ ಮತ್ತೆ ಹಾರುತ್ತಿದ್ದ.

ಯಾರು ಉಳಿದರು

ಕಾಳಗದ ಗಡಿಬಿಡಿಯಲ್ಲಿ ಎರಡೂ ಕಡೆಯವರು ತಾವು ಬೀಳಿಸಿದ ವಿಮಾನಗಳ ಸಂಖ್ಯೆಯನ್ನು ಹೆಚ್ಚಾಗಿಯೇ ಹೇಳಿಕೊಂಡರು. ಎರಡು ದೇಶಗಳ ದಾಖಲೆಗಳನ್ನೂ ಹೋಲಿಸಿ ಅಧ್ಯಯನಮಾಡಿದ ಜಾನ್ ಲುಂಡ್‌ಸ್ಟ್ರಮ್ ಅವರಂಥ ಇತಿಹಾಸಕಾರರು, 1942ರಲ್ಲಿ ಈ ಎರಡು ವಿಮಾನಗಳ ನಡುವಣ ನಷ್ಟ ಹೆಚ್ಚುಕಡಿಮೆ ಸಮಸಮವಾಗಿತ್ತೆಂದು ತೋರಿಸಿದ್ದಾರೆ. ಕಾಗದದ ಮೇಲೆ ಸೋಲಬೇಕಾಗಿದ್ದ ವಿಮಾನಕ್ಕೆ ಸಮಬಲವೇ ದೊಡ್ಡ ಸಾಧನೆ.

ಆ ಸಮಬಲದ ಪರಿಣಾಮ ಮಾತ್ರ ಸಮವಾಗಿರಲಿಲ್ಲ. ಜಪಾನಿನ ನೌಕಾದಳವು ಕಠಿಣವಾದ ಆಯ್ಕೆಯಿಂದ ಅಲ್ಪಸಂಖ್ಯೆಯ ಅಸಾಧಾರಣ ಚಾಲಕರನ್ನು ತಯಾರಿಸಿ, ಅವರನ್ನು ಮುಂಚೂಣಿಯಲ್ಲೇ ಇರಿಸಿಕೊಂಡಿತು. ಸತ್ತವರ ಜಾಗಕ್ಕೆ ಬಂದವರಿಗೆ ಕಲಿಸಲು ಅನುಭವಿಗಳು ಉಳಿಯಲಿಲ್ಲ. ಅಮೆರಿಕವು ಥ್ಯಾಚ್‌ನಂಥವರನ್ನು ಮಿಡ್ವೇ ಆದೊಡನೆ ತರಬೇತಿ ಶಾಲೆಗೆ ಕಳಿಸಿತು. ಒಬ್ಬನ ಬೆಂಕಿಕಡ್ಡಿಯ ಆಟ ನೂರಾರು ಯುವಕರ ಅಭ್ಯಾಸವಾಯಿತು. ಹೊರಿಕೋಶಿಯ ಚತುರ ವಿನ್ಯಾಸದಲ್ಲಿ ಉಕ್ಕಿನ ಫಲಕಕ್ಕೆ ಎಡೆಯಿಲ್ಲದಂತೆ ಮಾಡಿದ ಬೇಡಿಕೆಗಳಿಗೂ, ಚಾಲಕರಿಗೆ ವಿರಾಮವನ್ನು ನಿರಾಕರಿಸಿದ ಆಡಳಿತಕ್ಕೂ ಹಿಂದಿದ್ದ ಮನೋಭಾವ ಒಂದೇ. ಮನುಷ್ಯನನ್ನು ಖರ್ಚಾಗುವ ವಸ್ತುವೆಂದು ಎಣಿಸುವ ಆ ಲೆಕ್ಕ ತನ್ನ ತಾರ್ಕಿಕ ಕೊನೆಯನ್ನು ಮುಟ್ಟಿದ್ದು 1944ರ ಅಕ್ಟೋಬರಿನಲ್ಲಿ, ಫಿಲಿಪೀನ್ಸಿನ ಲೇಟೆ ಕೊಲ್ಲಿಯಲ್ಲಿ. ಅಂದು ಬಾಂಬು ಕಟ್ಟಿಕೊಂಡ ಜೀರೋಗಳು, ಒಂದು ಕಾಲದಲ್ಲಿ ಆಕಾಶದ ಅತಿ ಚುರುಕಾದ ವಿಮಾನವೆನಿಸಿದ್ದ ಅದೇ ಜೀರೋಗಳು, ತಿರುಗದೆ ಹೊರಳದೆ ನೇರವಾಗಿ ಹಡಗುಗಳ ಮೇಲೆ ಬಿದ್ದು ಸಿಡಿದವು.